ಹಳೆಯ ವಿಮಾನಗಳು ಮತ್ತು ಅವುಗಳ ಅಭಿಮಾನಿ ಬಳಗ

ಸೇವೆ ಮುಗಿಸಿದ ವಿಮಾನಗಳನ್ನು, ಅದರಲ್ಲೂ ಸೇನೆಯ ವಿಮಾನಗಳನ್ನು, ಹುಡುಕಿ ಉಳಿಸುವುದು, ದುರಸ್ತಿ ಮಾಡಿ ಮತ್ತೆ ಹಾರಿಸುವುದು, ಹಾರುವಾಗ ನೋಡುವುದು, ನೋಡಿದ್ದನ್ನು ದಾಖಲಿಸಿಡುವುದು ಇವೆಲ್ಲ ಸೇರಿದ ಹವ್ಯಾಸ ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಬ್ರಿಟನ್ ಮತ್ತು ಅಮೆರಿಕದಲ್ಲಿ ರೂಪುಗೊಂಡಿತು. ಮೊದಲ ಮಹಾಯುದ್ಧಕ್ಕೂ ಹಿಂದಿನ ಮರ ಮತ್ತು ಬಟ್ಟೆಯ ವಿಮಾನದಿಂದ ಹಿಡಿದು ನಿನ್ನೆ ಮೊನ್ನೆ ನಿವೃತ್ತವಾದ ಜೆಟ್‌ವರೆಗೆ ಎಲ್ಲವೂ ಇದರ ವ್ಯಾಪ್ತಿಯಲ್ಲಿವೆ. ಖಾಸಗಿಯವರ ಕೈಯಲ್ಲಿದ್ದು ಇನ್ನೂ ಹಾರುವ ಹಳೆಯ ಯುದ್ಧವಿಮಾನಕ್ಕೆ ‘ವಾರ್‌ಬರ್ಡ್’ ಎಂಬ ಹೆಸರು ರೂಢಿಯಲ್ಲಿದೆ. ಇಂಥದೊಂದನ್ನು ಸ್ವಂತಕ್ಕೆ ಕೊಳ್ಳಬಲ್ಲ ಕೋಟ್ಯಧೀಶ, ರಜೆಯ ದಿನ ಹ್ಯಾಂಗರಿಗೆ ಬಂದು ರಿವೆಟ್ ಬಡಿಯುವ ನಿವೃತ್ತ ಮೆಕ್ಯಾನಿಕ್, ಬೇಲಿಯಾಚೆ ನಿಂತು ಬಾಲದ ಮೇಲಿನ ಸಂಖ್ಯೆ ಬರೆದುಕೊಳ್ಳುವವನು, ಪ್ಲಾಸ್ಟಿಕ್ ಮಾದರಿಗೆ ಬಣ್ಣ ಬಳಿಯುವ ಶಾಲಾ ಹುಡುಗ ಎಲ್ಲರೂ ಈ ಬಳಗದವರೇ. ಒಬ್ಬರ ಹುಚ್ಚು ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ ಎಂಬುದು ಬೇರೆ ಮಾತು.

ಯಾವ ವಿಮಾನ ಜನರ ಮೆಚ್ಚಿನದಾಗುತ್ತದೆ ಎಂಬುದಕ್ಕೂ ಆ ವಿಮಾನದ ಯೋಗ್ಯತೆಗೂ ನೇರ ಸಂಬಂಧವಿಲ್ಲ. ಹೆಚ್ಚು ಕೆಲಸ ಮಾಡಿದ ವಿಮಾನ ಮರೆಯಲ್ಲಿ ಉಳಿದು, ಅದರ ಪಕ್ಕದಲ್ಲಿ ಹಾರಿದ ಚೆಲುವಾದ ವಿಮಾನ ದೇಶದ ಹೆಮ್ಮೆಯಾಗಬಹುದು. ಎಂಜಿನಿಯರಿಂಗ್ ಲೆಕ್ಕದಲ್ಲಿ ಸೋತದ್ದು ಹತ್ತಾರು ವರ್ಷ ಕಳೆದ ಮೇಲೆ ಹೆಚ್ಚು ಮಮತೆ ಗಳಿಸಬಹುದು. ರೂಪ, ಸದ್ದು, ಉಳಿದಿರುವ ಸಂಖ್ಯೆ, ಹೇಳಲು ಒಂದು ಕಥೆ ಇವೇ ಇಲ್ಲಿ ತೂಗುವ ಬಟ್ಟುಗಳು.

ಹುಟ್ಟು

ಎರಡನೆಯ ಮಹಾಯುದ್ಧದ ಬ್ರಿಟನ್‌ನಲ್ಲಿ ವಿಮಾನ ಗುರುತಿಸುವುದು ಹವ್ಯಾಸವಾಗಿರಲಿಲ್ಲ, ಕರ್ತವ್ಯವಾಗಿತ್ತು. ಆಗಿನ ಕರಾವಳಿ ರೇಡಾರ್‌ಗಳ ಮುಖ ಸಮುದ್ರದ ಕಡೆಗಿತ್ತು. ಶತ್ರು ವಿಮಾನ ಕರಾವಳಿ ದಾಟಿ ಒಳನಾಡಿಗೆ ಬಂದ ಮೇಲೆ ಅದರ ಜಾಡು ಹಿಡಿಯಲು ಮನುಷ್ಯರ ಕಣ್ಣು ಕಿವಿಗಳೇ ಗತಿ. ಈ ಕೆಲಸಕ್ಕೆ ಅಬ್ಸರ್ವರ್ ಕೋರ್‌ನ ಸ್ವಯಂಸೇವಕರು ಗುಡ್ಡ ಗದ್ದೆಗಳಲ್ಲಿ ದುರ್ಬೀನು ಹಿಡಿದು ಕೂತರು. ಅವರ ತರಬೇತಿಗಾಗಿ ವಿಮಾನಗಳ ಕಪ್ಪು ನೆರಳುಚಿತ್ರಗಳ ಕಾರ್ಡುಗಳು ಬಂದವು. 1941ರಲ್ಲಿ ‘ದಿ ಏರೋಪ್ಲೇನ್ ಸ್ಪಾಟರ್’ ಎಂಬ ಪತ್ರಿಕೆಯೇ ಶುರುವಾಯಿತು. ರೆಕ್ಕೆಯ ತುದಿ ಚೌಕವೋ ದುಂಡೋ, ಬಾಲ ಒಂದೋ ಎರಡೋ ಎಂದು ಬಾಯಿಪಾಠ ಮಾಡಿದ ಹುಡುಗರಿಗೆ ಯುದ್ಧ ಮುಗಿದ ಮೇಲೂ ಆಕಾಶ ನೋಡುವ ಚಟ ಬಿಡಲಿಲ್ಲ.

ಅಷ್ಟರಲ್ಲಿ ನೋಡಲು ವಿಮಾನಗಳೇ ಇಲ್ಲದ ಪರಿಸ್ಥಿತಿ ಬಂತು. ಅಮೆರಿಕದ ಅರಿಜೋನಾದ ಕಿಂಗ್‌ಮನ್ ಮರುಭೂಮಿಯಲ್ಲಿ ಸಾವಿರಾರು ಬಾಂಬರ್‌ಗಳನ್ನು ಸಾಲಾಗಿ ನಿಲ್ಲಿಸಿ, ಕತ್ತರಿಸಿ, ಕುಲುಮೆಗೆ ಹಾಕಿ ಅಲ್ಯೂಮಿನಿಯಂ ಗಟ್ಟಿಗಳನ್ನಾಗಿ ಮಾಡಿದರು. ಕೆಲವು ಕಾರ್ಖಾನೆಯಿಂದ ನೇರವಾಗಿ ಅಲ್ಲಿಗೇ ಬಂದಿದ್ದವು. ಸರ್ಕಾರಗಳ ಪಾಲಿಗೆ ಅದು ಗುಜರಿ ಅಷ್ಟೇ.

ಉಳಿಸಿದವರು ಒಂಟಿ ಮನುಷ್ಯರು. ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್‌ನ ಓಲ್ಡ್ ವಾರ್ಡನ್‌ನಲ್ಲಿ ರಿಚರ್ಡ್ ಶಟಲ್‌ವರ್ತ್ ಎಂಬ ಸಿರಿವಂತ ಯುವಕ 1930ರ ದಶಕದಲ್ಲೇ ಹಳೆಯ ವಿಮಾನಗಳನ್ನು ಕೂಡಿಹಾಕುತ್ತಿದ್ದ. 1940ರಲ್ಲಿ ವಾಯುಪಡೆಯ ವಿಮಾನ ಅಪಘಾತದಲ್ಲಿ ಆತ ತೀರಿಕೊಂಡ. ತಾಯಿ ಡೊರೊಥಿ ಮಗನ ನೆನಪಿಗೆ 1944ರಲ್ಲಿ ಟ್ರಸ್ಟ್ ಕಟ್ಟಿದರು. ಅಲ್ಲಿರುವ 1909ರ ಬ್ಲೆರಿಯೊ ವಿಮಾನ ಇಂದಿಗೂ ಗಾಳಿಯಿಲ್ಲದ ಸಂಜೆಗಳಲ್ಲಿ ಹುಲ್ಲಿನ ಮೇಲೆ ಕೆಲವು ಅಡಿ ಎತ್ತರಕ್ಕೆ ಪುಟನೆಗೆದು ಇಳಿಯುತ್ತದೆ. ತಿರುಗಿಸುವ ಸಾಹಸಕ್ಕೆ ಯಾರೂ ಕೈಹಾಕುವುದಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಕೋಲ್ ಪೇಲನ್ ಎಂಬ ಯುವ ಮೆಕ್ಯಾನಿಕ್ 1951ರಲ್ಲಿ ತನ್ನ ಉಳಿತಾಯವನ್ನೆಲ್ಲ ಸುರಿದು, ಮುಚ್ಚಿಹೋಗುತ್ತಿದ್ದ ರೂಸ್‌ವೆಲ್ಟ್ ಫೀಲ್ಡ್‌ನಿಂದ ಮೊದಲ ಮಹಾಯುದ್ಧ ಕಾಲದ 6 ವಿಮಾನಗಳನ್ನು ಕೊಂಡ. ಓಲ್ಡ್ ರೈನ್‌ಬೆಕ್ ಏರೋಡ್ರೋಮ್ ಹುಟ್ಟಿದ್ದು ಹಾಗೆ. 1957ರಲ್ಲಿ ಟೆಕ್ಸಾಸ್‌ನ ರಿಯೊ ಗ್ರಾಂಡೆ ಕಣಿವೆಯ ಕೆಲವು ಗೆಳೆಯರು ಹಣ ಒಟ್ಟುಹಾಕಿ ಒಂದು ಪಿ-51 ಮಸ್ಟಾಂಗ್ ಕೊಂಡರು. ತಮಾಷೆಗೆ ತಮ್ಮ ಗುಂಪನ್ನು ‘ಕಾನ್ಫೆಡರೇಟ್ ಏರ್‌ಫೋರ್ಸ್’ ಎಂದು ಕರೆದುಕೊಂಡರು. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ಹೋರಾಡಿದ ಪಕ್ಷದ ಹೆಸರದು. ಬಹಳ ತಡವಾಗಿ, 2002ರ ಹೊತ್ತಿಗೆ, ‘ಕಮೆಮರೇಟಿವ್ ಏರ್‌ಫೋರ್ಸ್’ ಎಂದು ಬದಲಾಯಿತು. ಚೈನಾ ಲೇಕ್‌ನ ನೌಕಾಪಡೆ ಪರೀಕ್ಷಾವಲಯದಲ್ಲಿ ಗುರಿ ಅಭ್ಯಾಸಕ್ಕೆಂದು ಬಿಸಿಲಿಗೆ ಬಿಟ್ಟಿದ್ದ ಬಿ-29 ಬಾಂಬರ್ ಒಂದನ್ನು 1971ರಲ್ಲಿ ಪಡೆದು ಹಾರಿಸಿದವರು ಇವರೇ. ‘ಫೀಫಿ’ ಎಂಬ ಆ ವಿಮಾನ, 2016ರಲ್ಲಿ ವಿಚಿಟಾದ ಸ್ವಯಂಸೇವಕರು ಹಾರಿಸಿದ ‘ಡಾಕ್’ ಎರಡನ್ನು ಬಿಟ್ಟರೆ ಹಾರುವ ಬಿ-29 ಜಗತ್ತಿನಲ್ಲಿ ಮತ್ತೊಂದಿಲ್ಲ.

ಈ ಚದುರಿದ ಹುಚ್ಚಿಗೆ ಮಾರುಕಟ್ಟೆ ಒದಗಿಸಿದ್ದು ಸಿನಿಮಾ. 1969ರ ‘ಬ್ಯಾಟಲ್ ಆಫ್ ಬ್ರಿಟನ್’ ಚಿತ್ರಕ್ಕಾಗಿ ನಿರ್ಮಾಪಕರು ಸ್ಪಿಟ್‌ಫೈರ್, ಹರಿಕೇನ್‌ಗಳನ್ನು ಹುಡುಕಿ ರಿಪೇರಿ ಮಾಡಿಸಿದರು. ಜರ್ಮನ್ ಪಾತ್ರಕ್ಕೆ ಸ್ಪೇನ್ ವಾಯುಪಡೆ ಬಳಸುತ್ತಿದ್ದ ‘ಬುಚೋನ್’ ಸಿಕ್ಕಿತು. ಅದು ಮೆಸರ್ಶ್ಮಿಟ್ 109ರ ಒಡಲು, ಮೂತಿಯಲ್ಲಿ ಮಾತ್ರ ಶತ್ರುವಿನ ರೋಲ್ಸ್‌ರಾಯ್ಸ್ ಮರ್ಲಿನ್ ಎಂಜಿನ್! (1935ರಲ್ಲಿ ಮೊದಲ ಮೆಸರ್ಶ್ಮಿಟ್ 109 ಹಾರಿದ್ದೂ ಒಂದು ರೋಲ್ಸ್‌ರಾಯ್ಸ್ ಎಂಜಿನ್ನಿನಿಂದಲೇ.) ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಅಷ್ಟಕ್ಕಷ್ಟೇ. ಆದರೆ ಚಿತ್ರೀಕರಣ ಮುಗಿದ ಮೇಲೆ ಉಳಿದ ವಿಮಾನಗಳು ಖಾಸಗಿ ಕೈಗಳಿಗೆ ಹೋಗಿ ಇಂದಿನ ವಾರ್‌ಬರ್ಡ್ ಲೋಕದ ಬಂಡವಾಳವಾದವು.

ಮೆಚ್ಚಿನವು

ಸ್ಪಿಟ್‌ಫೈರ್‌ನಷ್ಟು ಪ್ರೀತಿ ಉಂಡ ಯುದ್ಧವಿಮಾನ ಇನ್ನೊಂದಿಲ್ಲ. ಆರ್.ಜೆ. ಮಿಚೆಲ್ ರೂಪಿಸಿದ ಇದು 1936ರ ಮಾರ್ಚ್ 5ರಂದು ಮೊದಲು ಹಾರಿತು. ಮರುವರ್ಷವೇ ಮಿಚೆಲ್ ಕ್ಯಾನ್ಸರ್‌ನಿಂದ ತೀರಿಕೊಂಡರು. ತಾನು ಹುಟ್ಟಿಸಿದ್ದು ಏನಾಯಿತೆಂದು ನೋಡಲು ಅವರಿರಲಿಲ್ಲ. ಒಟ್ಟು 20 ಸಾವಿರಕ್ಕೂ ಹೆಚ್ಚು ಸ್ಪಿಟ್‌ಫೈರ್‌ಗಳು ತಯಾರಾದವು. ಅಂಡಾಕಾರದ ತೆಳು ರೆಕ್ಕೆ ಅದರ ಗುರುತು. ತಯಾರಿಸುವವರಿಗೆ ತಲೆನೋವು ತಂದ ಆ ಬಾಗು ನೋಡುವವರಿಗೆ ಹಬ್ಬ. ಆದರೆ 1940ರ ಬ್ರಿಟನ್ ಕದನದಲ್ಲಿ ಹೆಚ್ಚು ಜರ್ಮನ್ ವಿಮಾನಗಳನ್ನು ಉರುಳಿಸಿದ್ದು ಸ್ಪಿಟ್‌ಫೈರ್ ಅಲ್ಲ, ಹರಿಕೇನ್. ಹಿಂಭಾಗಕ್ಕೆ ಬಟ್ಟೆ ಹೊದಿಸಿದ್ದ, ಬೆನ್ನು ಉಬ್ಬಿದ ಹರಿಕೇನ್ ಸಂಖ್ಯೆಯಲ್ಲೂ ಆಗ ಹೆಚ್ಚಿತ್ತು, ಗುಂಡು ತೂರಿದ ತೂತಿಗೆ ತೇಪೆ ಹಚ್ಚಿ ಮರುದಿನ ಹಾರಿಸಲೂ ಸುಲಭವಿತ್ತು. ಇಂದು ಹಾರುವ ಸ್ಪಿಟ್‌ಫೈರ್‌ಗಳು ಹಲವು ಹತ್ತು. ಹರಿಕೇನ್ ಅದರ ಅರ್ಧದಷ್ಟೂ ಇಲ್ಲ. 1953ರಲ್ಲಿ ಏರ್‌ಫಿಕ್ಸ್ ಕಂಪನಿ ತನ್ನ ಮೊದಲ ವಿಮಾನ ಮಾದರಿಯಾಗಿ 1/72 ಅಳತೆಯಲ್ಲಿ ಹೊರತಂದದ್ದು ಸ್ಪಿಟ್‌ಫೈರನ್ನೇ. ದುಡಿದವನಿಗಿಂತ ಚೆಲುವನಿಗೆ ಹಾರ ಬೀಳುವುದು ವಿಮಾನಗಳಲ್ಲೂ ಇದೆ.

ಸ್ಪಿಟ್‌ಫೈರ್ ಪ್ರೀತಿಯನ್ನು ಯುದ್ಧಕಾಲದಲ್ಲೇ ಸರ್ಕಾರ ಜಾಣತನದಿಂದ ಬೆಳೆಸಿತು. 5,000 ಪೌಂಡ್ ಕೊಟ್ಟವರ ಹೆಸರಿನಲ್ಲಿ ಒಂದು ವಿಮಾನ ಎಂಬ ಸ್ಪಿಟ್‌ಫೈರ್ ನಿಧಿಗೆ ಊರೂರುಗಳು, ಕಾರ್ಖಾನೆಗಳು, ಭಾರತದ ಸಂಸ್ಥಾನಗಳು ಹಣ ಕಳಿಸಿದವು. ಮೈಸೂರಿನ ದೇಣಿಗೆಯ ಸ್ಮರಣೆಗೆ ರಾಯಲ್ ಏರ್‌ಫೋರ್ಸ್ 1941ರಲ್ಲಿ ಸ್ಪಿಟ್‌ಫೈರ್‌ಗಳೊಂದಿಗೆ ಮತ್ತೆ ಕಟ್ಟಿದ ತನ್ನ 129ನೇ ದಳಕ್ಕೆ ‘ಮೈಸೂರು’ ಎಂದು ಹೆಸರಿಟ್ಟಿತು. ದಳದ ಲಾಂಛನದಲ್ಲಿ ಗಂಡಭೇರುಂಡ ಕೂತಿತು. 1944ರಲ್ಲಿ ಮಸ್ಟಾಂಗ್‌ಗಳಿಗೆ ಬದಲಾದ ಈ ದಳ ಲಂಡನ್ನಿನತ್ತ ಬರುತ್ತಿದ್ದ ಜರ್ಮನ್ ವಿ-1 ಹಾರುಬಾಂಬುಗಳನ್ನು ಬೆನ್ನಟ್ಟಿ ಹೊಡೆಯಿತು. ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ಗಂಡಭೇರುಂಡ ಹಾರಾಡಿದ ಈ ಸಂಗತಿ ಕರ್ನಾಟಕದ ಓದುಗರಿಗೆ ಇನ್ನೂ ಹೆಚ್ಚು ಪರಿಚಯವಾಗಬೇಕಿತ್ತು.

ಲ್ಯಾಂಕಾಸ್ಟರ್ ಬಾಂಬರ್ ಮೇಲಿನ ಅಭಿಮಾನ ಬೇರೆ ಬಗೆಯದು. ಅದರಲ್ಲಿ ಶೋಕ ಬೆರೆತಿದೆ. ಬ್ರಿಟನ್ನಿನ ಬಾಂಬರ್ ಕಮಾಂಡ್ ಕಳೆದುಕೊಂಡವರು 55,573 ಮಂದಿ. ತಯಾರಾದ 7,377 ಲ್ಯಾಂಕಾಸ್ಟರ್‌ಗಳಲ್ಲಿ ಇಂದು ಹಾರುವವು ಎರಡು: ರಾಯಲ್ ಏರ್‌ಫೋರ್ಸ್‌ನ ಸ್ಮಾರಕ ದಳದ್ದೊಂದು, ಕೆನಡಾದ ಹ್ಯಾಮಿಲ್ಟನ್‌ನದೊಂದು. 2014ರಲ್ಲಿ ಕೆನಡಾದ್ದು ಅಟ್ಲಾಂಟಿಕ್ ದಾಟಿ ಬಂದು ಎರಡೂ ಜೊತೆಯಾಗಿ ಹಾರಿದಾಗ ಹೊಲಗದ್ದೆಗಳಲ್ಲಿ ಕಾರು ನಿಲ್ಲಿಸಿ ಜನ ಕಾದರು. ಎರಡೂ ಬದಿಯ ನಗರಗಳ ಮೇಲೆ ಬಿದ್ದ ಬಾಂಬುಗಳ ಲೆಕ್ಕ ಇಂಥ ಸಂಭ್ರಮಗಳಲ್ಲಿ ಬರುವುದು ಕಡಿಮೆ. ಜರ್ಮನಿ ಮತ್ತು ಜಪಾನಿನಲ್ಲಿ ಈ ಹವ್ಯಾಸ ಹೆಚ್ಚು ತಗ್ಗಿದ ದನಿಯಲ್ಲಿ ನಡೆಯಲು ಇದೂ ಕಾರಣ.

ಡಿಸಿ-3 ಅಥವಾ ಡಕೋಟಾ ಯಾರನ್ನೂ ಕೊಲ್ಲಲು ಹುಟ್ಟಿದ್ದಲ್ಲ. 1935ರ ಡಿಸೆಂಬರ್ 17ರಂದು, ರೈಟ್ ಸಹೋದರರ ಹಾರಾಟದ ವಾರ್ಷಿಕ ದಿನ, ಪ್ರಯಾಣಿಕ ವಿಮಾನವಾಗಿ ಮೊದಲು ಹಾರಿತು. ಯುದ್ಧ ಬಂದಾಗ ಸಾವಿರಗಟ್ಟಲೆ ಸಾಮಾನು ಹೊತ್ತಿತು, ಯುದ್ಧ ಮುಗಿದಾಗ ಬಡದೇಶಗಳ ವಿಮಾನಯಾನ ಕಂಪನಿಗಳನ್ನು ಕಟ್ಟಿ ನಿಲ್ಲಿಸಿತು. ನಾರ್ಮಂಡಿ ದಾಳಿಯ 75ನೇ ವರ್ಷದ ನೆನಪಿಗೆ 2019ರಲ್ಲಿ ಡಕೋಟಾಗಳ ಹಿಂಡೇ ಕಡಲ್ಗಾಲುವೆ ದಾಟಿತು.

ಜೆಟ್‌ಗಳಲ್ಲಿ ಬ್ರಿಟನ್ನಿನ ತ್ರಿಕೋನ ರೆಕ್ಕೆಯ ವಲ್ಕನ್ ಬಾಂಬರ್‌ಗೆ ವಿಶೇಷ ಸ್ಥಾನ. ಕೊನೆಯದಾಗಿ ಹಾರಿದ ಎಕ್ಸ್‌ಎಚ್558 ಜನರ ಚಂದಾ ಹಣದ ನೆರವಿನಿಂದ 2007ರಲ್ಲಿ ಮತ್ತೆ ಗಾಳಿಗೇರಿ 2015ರವರೆಗೆ ಹಾರಿತು. ಹಿಂದೆ ಅಣುಬಾಂಬು ಹೊರಲು ಸಜ್ಜಾಗಿದ್ದ ವಿಮಾನಕ್ಕೆ ಪಿಂಚಣಿದಾರರು ಪುಡಿಗಾಸು ಕಳಿಸಿದ್ದು ಶೀತಲ ಸಮರ ಊಹಿಸದ ತಿರುವು. ಅಮೆರಿಕದ ಎಫ್-14 ಟಾಮ್‌ಕ್ಯಾಟ್‌ಗೆ 1986ರ ‘ಟಾಪ್ ಗನ್’ ಚಿತ್ರ ಸಾಕಾಯಿತು; 2006ರಲ್ಲಿ ನಿವೃತ್ತಿಯಾದ ಮೇಲೆ ಬಿಡಿಭಾಗ ಇರಾನಿಗೆ ಸೇರೀತೆಂಬ ಭಯದಿಂದ ಬಹುಪಾಲನ್ನು ಪುಡಿಮಾಡಿದರು. ಎಸ್ಆರ್-71 ಗೂಢಚಾರಿ ವಿಮಾನದ ಅಭಿಮಾನಿಗಳು ತಪ್ಪದೆ ಹೇಳುವ ಸಂಗತಿ ಅದರ ಇಂಧನ ಸೋರಿಕೆ. ಹಾರುವಾಗ ಬಿಸಿಗೆ ಟೈಟಾನಿಯಂ ಹಿಗ್ಗುತ್ತದೆ. ಹಾಗಾಗಿ ನೆಲದ ಮೇಲೆ ತಣ್ಣಗಿರುವಾಗ ಅದರ ಸಂದುಗಳಿಂದ ಇಂಧನ ತೊಟ್ಟಿಕ್ಕುತ್ತಿತ್ತು.

ಸದ್ದು, ವಾಸನೆ, ಕೈಗೆ ಮೆತ್ತುವ ಎಣ್ಣೆ

ಚಿತ್ರದಲ್ಲಿ ನೋಡುವುದಕ್ಕೂ ಪಕ್ಕದಲ್ಲಿ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಎಂಜಿನ್ನಿನದು. ಮೊದಲ ಮಹಾಯುದ್ಧದ ಸಾಪ್‌ವಿತ್ ಕ್ಯಾಮೆಲ್‌ನಂಥ ವಿಮಾನಗಳಲ್ಲಿ ರೋಟರಿ ಎಂಜಿನ್ ಇರುತ್ತಿತ್ತು. ಅದರಲ್ಲಿ ದಂಡ ವಿಮಾನಕ್ಕೆ ಕಚ್ಚಿ ನಿಂತಿರುತ್ತದೆ. ಸಿಲಿಂಡರುಗಳ ಇಡೀ ಗುಂಪೇ ಪ್ರೊಪೆಲ್ಲರ್ ಜೊತೆ ಗಿರಗಿರನೆ ಸುತ್ತುತ್ತದೆ. ಹೀಗೆ ಸುತ್ತುವ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಎಣ್ಣೆ ಬೇಕಿತ್ತು. ಅದಕ್ಕೆ ಒದಗಿದ್ದು ಹರಳೆಣ್ಣೆ. ಒಮ್ಮೆ ಒಳಗೆ ಹೋದದ್ದು ಮರಳಿ ಬರುವುದಿಲ್ಲ, ಅರ್ಧ ಸುಟ್ಟು ಹೊರಗೆ ಚಿಮ್ಮುತ್ತದೆ. ಪೈಲಟ್‌ನ ಮುಖ, ಕನ್ನಡಕ, ಶಾಲು ಎಲ್ಲ ಜಿಡ್ಡು. ಬಾಯಿಗೆ ಹೋದದ್ದು ತನ್ನ ಪ್ರಸಿದ್ಧ ಗುಣ ತೋರಿಸದೆ ಬಿಡುತ್ತಿರಲಿಲ್ಲ. ಮಕ್ಕಳಿಗೆ ಮೂಗು ಹಿಡಿದು ಹರಳೆಣ್ಣೆ ಕುಡಿಸುತ್ತಿದ್ದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಓಲ್ಡ್ ವಾರ್ಡನ್, ಓಲ್ಡ್ ರೈನ್‌ಬೆಕ್‌ಗಳ ಪ್ರದರ್ಶನಕ್ಕೆ ಹೋದವರು ಹುಲ್ಲಿನ ಮೇಲೆ ಹರಡುವ ಆ ಸುಟ್ಟ ವಾಸನೆಯನ್ನು ಊದಿನಕಡ್ಡಿಯಂತೆ ಸವಿಯುತ್ತಾರೆ. ಎಂಜಿನ್ ಸುತ್ತುವ ರಭಸಕ್ಕೆ ಕ್ಯಾಮೆಲ್ ಬಲಕ್ಕೆ ಥಟ್ಟನೆ ತಿರುಗುತ್ತಿತ್ತು. ಹೊಸಬರನ್ನು ಅದೇ ಗುಣ ನೆಲಕ್ಕೂ ಕೆಡವುತ್ತಿತ್ತು.

ಡಕೋಟಾದ ರೇಡಿಯಲ್ ಎಂಜಿನ್‌ಗಳದು ಇನ್ನೊಂದು ಬಗೆ. ಇಲ್ಲಿ 14 ಸಿಲಿಂಡರುಗಳು ಹೂವಿನ ಎಸಳಿನಂತೆ ಸುತ್ತಲೂ ಸ್ಥಿರವಾಗಿ ನಿಂತಿರುತ್ತವೆ. ರಾತ್ರಿ ಸುಮ್ಮನೆ ನಿಂತರೆ ಎಣ್ಣೆ ಜಾರಿ ಕೆಳಗಿನ ಸಿಲಿಂಡರುಗಳಲ್ಲಿ ಕೂರುತ್ತದೆ. ಹಾಗೇ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಎಣ್ಣೆಯನ್ನು ಒತ್ತಲಾರದೆ ಒಳಗಿನ ದಂಡ ಬಾಗಿಹೋಗುತ್ತದೆ. ಅದಕ್ಕೇ ಬೆಳಗ್ಗೆ ಮೊದಲ ಕೆಲಸ, ಪ್ರೊಪೆಲ್ಲರ್ ಅಲಗನ್ನು ಕೈಯಿಂದ ಒಂದೊಂದಾಗಿ ಎಳೆದು ತಿರುಗಿಸುವುದು. ಎಲ್ಲಿಯಾದರೂ ಬಿಗಿ ಎನಿಸಿದರೆ ಬಲ ಹಾಕುವ ಹಾಗಿಲ್ಲ. ಕೆಳಗಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಎಣ್ಣೆ ಬಸಿಯಬೇಕು. ಆಮೇಲೆ ಸ್ಟಾರ್ಟರ್ ಕೊರೆದು, ಒಂದು ಸಿಲಿಂಡರ್ ಕೆಮ್ಮಿ, ಎರಡು ಕೆಮ್ಮಿ, ನೀಲಿ-ಬಿಳಿ ಹೊಗೆಯ ಮೋಡ ಬಾಲದವರೆಗೆ ಉರುಳಿ, ಕೊನೆಗೆ ಹದಿನಾಲ್ಕೂ ಒಂದೇ ಲಯಕ್ಕೆ ಬರುತ್ತವೆ. ಈ ಅರ್ಧ ನಿಮಿಷಕ್ಕಾಗಿಯೇ ದೂರದಿಂದ ಬರುವವರಿದ್ದಾರೆ.

27 ಲೀಟರಿನ, 12 ಸಿಲಿಂಡರಿನ ಮರ್ಲಿನ್ ಈ ಪೈಕಿ ಹೆಚ್ಚು ಹೆಸರಾದ ದನಿ. ಸ್ಪಿಟ್‌ಫೈರ್, ಹರಿಕೇನ್, ಲ್ಯಾಂಕಾಸ್ಟರ್ ಎಲ್ಲದರಲ್ಲೂ ಅದೇ. ಅಮೆರಿಕದ ಮಸ್ಟಾಂಗ್ ಕೂಡ ಪ್ಯಾಕರ್ಡ್ ಕಂಪನಿ ತಯಾರಿಸಿದ ಮರ್ಲಿನ್ ಕೂರಿಸಿದ ಮೇಲೆಯೇ ಬರ್ಲಿನ್ನಿಗೆ ಹೋಗಿಬರುವ ಬೆಂಗಾವಲು ವಿಮಾನವಾಯಿತು.

ಮೂಲ ಯಾವುದು, ಹೊಸತು ಯಾವುದು

1942ರ ಜುಲೈನಲ್ಲಿ ಆರು ಪಿ-38 ಮತ್ತು ಎರಡು ಬಿ-17 ವಿಮಾನಗಳು ಕೆಟ್ಟ ಹವೆಗೆ ಸಿಕ್ಕಿ ಗ್ರೀನ್‌ಲೆಂಡಿನ ಹಿಮದ ಮೇಲೆ ಇಳಿದವು. ಸಿಬ್ಬಂದಿ ಬದುಕಿ ಬಂದರು, ವಿಮಾನಗಳು ಅಲ್ಲೇ ಉಳಿದವು. ಅರ್ಧ ಶತಮಾನದಲ್ಲಿ ಅವುಗಳ ಮೇಲೆ 268 ಅಡಿ ಹಿಮಗಡ್ಡೆ ಕೂತಿತ್ತು. 1992ರಲ್ಲಿ ಅಭಿಮಾನಿಗಳು ಬಿಸಿನೀರಿನ ಯಂತ್ರದಿಂದ ಬಾವಿ ಕರಗಿಸಿಕೊಂಡು ಇಳಿದು, ಒಂದು ಪಿ-38ನ್ನು ತುಂಡುತುಂಡಾಗಿ ಮೇಲೆತ್ತಿದರು. ‘ಗ್ಲೇಸಿಯರ್ ಗರ್ಲ್’ ಎಂಬ ಹೆಸರಿನಲ್ಲಿ ಅದು 2002ರಲ್ಲಿ ಹಾರಿತು. ಇಂಥ ಯಶಸ್ಸು ದುರಾಸೆಯನ್ನೂ ಹುಟ್ಟಿಸುತ್ತದೆ. ಬ್ರಿಟಿಷರು ಬರ್ಮಾದಲ್ಲಿ ಹತ್ತಾರು ಸ್ಪಿಟ್‌ಫೈರ್‌ಗಳನ್ನು ಪೆಟ್ಟಿಗೆಯಲ್ಲಿಟ್ಟು ಹೂತುಹೋದರೆಂಬ ದಂತಕಥೆ ನಂಬಿ 2013ರಲ್ಲಿ ರಂಗೂನ್ ವಿಮಾನ ನಿಲ್ದಾಣದ ಬಳಿ ಅಗೆದವರಿಗೆ ಮಣ್ಣು ಬಿಟ್ಟು ಬೇರೇನೂ ಸಿಗಲಿಲ್ಲ.

ಬೇರೆಡೆ ಸಿಗುವ ಅವಶೇಷವೂ ಹೆಚ್ಚಾಗಿ ತುಕ್ಕು ತಿಂದ ಒಂದಿಷ್ಟು ತಗಡು. ಸ್ಪಿಟ್‌ಫೈರ್‌ನ ಕೆಲವು ರಿವೆಟ್‌ಗಳಲ್ಲಿ ಮೆಗ್ನೀಸಿಯಂ ಇತ್ತು. ಅವು ಕಾಲಕ್ರಮದಲ್ಲಿ ಪುಡಿಯಾಗುತ್ತವೆ. ರೆಕ್ಕೆಯ ತೊಲೆ, ಹೊರಮೈಯ ತಗಡು, ಪೈಪು, ತಂತಿ ಎಲ್ಲ ಹೊಸದಾಗಿ ಮಾಡಿ, ಮೂಲದ ಹೆಸರುಫಲಕವನ್ನು ಕಾಕ್‌ಪಿಟ್ಟಿನಲ್ಲಿ ಕೂರಿಸಿದರೆ ಅದು 1940ರ ವಿಮಾನವೋ ಈಗಿನದೋ? ಇದು ಬಳಗದ ಮುಗಿಯದ ಜಗಳ. ಕಾನೂನು ಸಂಖ್ಯೆಯನ್ನು ನೋಡುತ್ತದೆ, ಮಾರುಕಟ್ಟೆ ಚರಿತ್ರೆಯನ್ನು ನೋಡುತ್ತದೆ. ತೇರಿನ ಗಾಲಿ, ಅಚ್ಚು, ಹಲಗೆಗಳನ್ನು ತಲೆಮಾರಿಗೊಮ್ಮೆ ಬದಲಿಸಿಯೂ ಅದನ್ನು ಅದೇ ತೇರೆಂದು ಎಳೆಯುವ ಊರುಗಳಿಗೆ ಈ ತಕರಾರು ಅಷ್ಟು ದೊಡ್ಡದೆನಿಸದು. ಆದರೆ ಸಂಗ್ರಹಾಲಯದವರ ವಾದಕ್ಕೂ ತೂಕವಿದೆ: ಹಾರಿಸಲೆಂದು ಕಿತ್ತೆಸೆಯುವ ಹಳೆಯ ತಗಡಿನಲ್ಲೇ ಅಂದಿನ ಕೆಲಸಗಾರರ ಕೈಗುರುತು, ಗುಂಡಿನ ಗಾಯ, ಬಣ್ಣದ ಪದರ ಇರುತ್ತವೆ. ಹಾಗಾಗಿ ಒಂದೇ ಒಂದು ಉಳಿದಿರುವ ಮಾದರಿಯನ್ನು ಹಾರಿಸಬಾರದು ಎಂಬುದರಲ್ಲಿ ಹೆಚ್ಚಿನವರಿಗೆ ಈಗ ಒಮ್ಮತ.

ಭಾರತದಲ್ಲಿ

ಜಗತ್ತಿನ ವಾರ್‌ಬರ್ಡ್ ಸಂಗ್ರಹಗಳಿಗೆ ಬೆಂಗಳೂರಿನ ಋಣವೊಂದಿದೆ. ಅಮೆರಿಕ 18 ಸಾವಿರಕ್ಕೂ ಹೆಚ್ಚು ಬಿ-24 ಲಿಬರೇಟರ್ ಬಾಂಬರ್‌ಗಳನ್ನು ತಯಾರಿಸಿತ್ತು. ಯುದ್ಧ ಮುಗಿದಾಗ ಬ್ರಿಟಿಷರು ತಮ್ಮ ಬಳಿಯಿದ್ದ ಬಹಳಷ್ಟನ್ನು ಕಾನ್ಪುರದ ಚಕೇರಿಯಲ್ಲಿ ಗುಡ್ಡೆಹಾಕಿ, ಮತ್ತೆ ಯಾರೂ ಬಳಸದ ಹಾಗೆ ಬೇಕೆಂದೇ ಹಾಳುಗೆಡವಿ ಹೋದರು. ಸ್ವಾತಂತ್ರ್ಯ ಬಂದ ಕೂಡಲೇ ಬಾಂಬರ್ ಬೇಕಾದಾಗ ಹೊಸದನ್ನು ಕೊಳ್ಳಲು ಹಣವಿರಲಿಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಕಟ್ಟಿದ್ದ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಎಚ್‌ಎಎಲ್) ಕಾರ್ಖಾನೆಗೆ ರಿಪೇರಿ ಹೊಸದಲ್ಲ. ಯುದ್ಧಕಾಲದಲ್ಲಿ ಕ್ಯಾಟಲಿನಾ ಜಲವಿಮಾನಗಳು ಬೆಳ್ಳಂದೂರು ಕೆರೆಯ ಮೇಲೆ ಇಳಿದು ಅಲ್ಲಿ ದುರಸ್ತಿಯಾಗುತ್ತಿದ್ದವು. (ಇಂದಿನ ನೊರೆ ನೋಡಿದವರಿಗೆ ಇದನ್ನು ನಂಬುವುದು ಕಷ್ಟ.) ಕಾನ್ಪುರದ ರಾಶಿಯಲ್ಲಿ ಆಯ್ದ ಲಿಬರೇಟರ್‌ಗಳಿಗೆ ಅಲ್ಲೇ ಅಷ್ಟಿಷ್ಟು ತೇಪೆ ಹಚ್ಚಿ, ಕಾರ್ಖಾನೆಯ ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಶಿ ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಅಂಥ ಹಾರಾಟಕ್ಕೆ ವಿಮೆ ಮಾಡುವ ಕಂಪನಿ ಇಂದು ಸಿಗಲಿಕ್ಕಿಲ್ಲ. ಹೀಗೆ 40ರಷ್ಟು ವಿಮಾನ ಜೀವ ಪಡೆದವು. 1948ರಲ್ಲಿ ವಾಯುಪಡೆಯ 5ನೇ ದಳ ಇವುಗಳೊಂದಿಗೆ ಶುರುವಾಯಿತು. 1968ರಲ್ಲಿ ನಿವೃತ್ತಿಯಾಗುವ ಹೊತ್ತಿಗೆ ಜಗತ್ತಿನಲ್ಲಿ ಬೇರೆಲ್ಲೂ ಸೇನೆಯ ಕೆಲಸದಲ್ಲಿ ಲಿಬರೇಟರ್ ಉಳಿದಿರಲಿಲ್ಲ. ಅಮೆರಿಕದಲ್ಲೇ ಬಹುತೇಕ ಕುಲುಮೆ ಸೇರಿದ್ದ ಈ ವಿಮಾನಕ್ಕಾಗಿ ಸಂಗ್ರಹಕಾರರು ಭಾರತಕ್ಕೆ ಬಂದರು. ಲಂಡನ್ನಿನ ರಾಯಲ್ ಏರ್‌ಫೋರ್ಸ್ ಸಂಗ್ರಹಾಲಯಕ್ಕೆ, ಅರಿಜೋನಾದ ಪಿಮಾ ಸಂಗ್ರಹಾಲಯಕ್ಕೆ, ಕೆನಡಾದ ಆಟವಾಕ್ಕೆ ಹೋದ ಲಿಬರೇಟರ್‌ಗಳು ಭಾರತದವೇ. ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಹಲವು ವರ್ಷ ಹಾರಿಸಿದ ಬಿ-24 ಸಹ ಇಲ್ಲಿಂದ ಹೋದದ್ದು. 1970ರ ದಶಕದಲ್ಲಿ ಹಲವು ಸ್ಪಿಟ್‌ಫೈರ್‌ಗಳ ಅವಶೇಷಗಳೂ ಇದೇ ದಾರಿ ಹಿಡಿದವು. ಆಗ ನಮ್ಮಲ್ಲಿ ಅವುಗಳಿಗೆ ಗುಜರಿಯ ಬೆಲೆ. ಇಂದು ಅವುಗಳ ದರ ಕೇಳಿದರೆ ಎದೆ ಧಸಕ್ಕೆನ್ನುತ್ತದೆ.

ಭಾರತದ ಅಭಿಮಾನಿಗೆ ವಿಮಾನ ಕೊಳ್ಳುವ ದಾರಿ ಸುಲಭವಿಲ್ಲ. ಹಳೆಯ ಯುದ್ಧವಿಮಾನಗಳೆಲ್ಲ ಸರ್ಕಾರದ ಸೊತ್ತು. ನಿವೃತ್ತಿಯಾದವು ಸಂಗ್ರಹಾಲಯಕ್ಕೆ, ಕಾಲೇಜಿನ ಅಂಗಳಕ್ಕೆ, ವೃತ್ತದ ಕಂಬದ ಮೇಲಕ್ಕೆ ಹೋಗುತ್ತವೆ. ಮಳೆ ಬಿಸಿಲಿಗೆ ಬಣ್ಣ ಉದುರಿ, ಸುತ್ತ ಬ್ಯಾನರ್ ಕಟ್ಟಿಸಿಕೊಂಡು ನಿಂತ ವಿಮಾನ ನಮ್ಮ ಊರುಗಳಲ್ಲಿ ಅಪರೂಪವಲ್ಲ. ದೆಹಲಿಯ ಪಾಲಂ ಸಂಗ್ರಹಾಲಯದ ವೆಸ್ಟ್‌ಲ್ಯಾಂಡ್ ವಾಪಿಟಿ ಮಾತ್ರ ಆ ಜಾತಿಯಲ್ಲಿ ಉಳಿದಿರುವ ಒಂದೇ ಒಂದು. ಹಾರುವ ಪರಂಪರೆಗಾಗಿ ವಾಯುಪಡೆ ವಿಂಟೇಜ್ ದಳ ಕಟ್ಟಿ ಟೈಗರ್ ಮಾತ್, ಹಾರ್ವರ್ಡ್‌ಗಳನ್ನು ಮತ್ತೆ ಸಜ್ಜುಗೊಳಿಸಿತು. ಅದಕ್ಕೆ ಸೇರಿದ ಡಕೋಟಾದ ಕಥೆಯಲ್ಲಿ ಮಗನ ಅಭಿಮಾನವಿದೆ. ಡಕೋಟಾ ಪೈಲಟ್ ಆಗಿದ್ದ ಏರ್ ಕಮಡೋರ್ ಎಂ.ಕೆ. ಚಂದ್ರಶೇಖರ್ ಅವರ ಗೌರವಕ್ಕೆ, ಆಗ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದ ಮಗ ರಾಜೀವ್ ಚಂದ್ರಶೇಖರ್ ಬ್ರಿಟನ್ನಿನಲ್ಲಿ ಒಂದನ್ನು ಕೊಂಡು ದುರಸ್ತಿ ಮಾಡಿಸಿ ಕಾಣಿಕೆ ಕೊಟ್ಟರು. ಮೊದಲು ಕೊಡಹೋದಾಗ ಸರ್ಕಾರ ಒಪ್ಪಿರಲಿಲ್ಲ. 2018ರಲ್ಲಿ ಅದು ಇಂಗ್ಲೆಂಡಿನಿಂದ ಹಾರುತ್ತಲೇ ಭಾರತಕ್ಕೆ ಬಂತು. ‘ಪರಶುರಾಮ’ ಎಂಬ ಹೆಸರು, ಬಾಲದ ಮೇಲೆ ವಿಪಿ905. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರಕ್ಕೆ ಇಳಿಸಿದ ಡಕೋಟಾದ ಸಂಖ್ಯೆಯದು.

ಕರ್ನಾಟಕದವರಿಗೆ ಹತ್ತಿರದ್ದು ಎಚ್‌ಎಫ್-24 ಮಾರುತ್. ಜರ್ಮನಿಯ ಫೋಕ್-ವುಲ್ಫ್ 190 ರೂಪಿಸಿದ್ದ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ಎಚ್‌ಎಎಲ್ ಎಂಜಿನಿಯರುಗಳ ಜೊತೆ ಇದನ್ನು ರೂಪಿಸಿದರು. ಮೊದಲು ಅದೇ ಗಾತ್ರದ ಮರದ ಗ್ಲೈಡರ್ ಮಾಡಿ, ಡಕೋಟಾದಿಂದ ಎಳೆಸಿ ಹಾರಿಸಿ ನೋಡಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಮಾರುತ್‌ನ ಮೊದಲ ಹಾರಾಟ ನಡೆಸಿದರು. 1970ರಲ್ಲಿ ಅದೇ ವಿಮಾನದ ಸುಧಾರಿತ ಮಾದರಿಯ ಪರೀಕ್ಷೆಯಲ್ಲಿ ಪ್ರಾಣ ಬಿಟ್ಟರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಲ್ಲುವವರಿಗೆ ಇಷ್ಟಾದರೂ ತಿಳಿದಿರಲಿ. ಶಬ್ದದ ಎರಡು ಪಟ್ಟು ವೇಗಕ್ಕೆಂದು ಎಳೆದ ರೂಪಕ್ಕೆ ತಕ್ಕ ಎಂಜಿನ್ ಸಿಗಲೇ ಇಲ್ಲ. ಸಣ್ಣ ಆರ್ಫಿಯಸ್ ಎಂಜಿನ್‌ಗಳಲ್ಲೇ 147 ವಿಮಾನ ತಯಾರಾಗಿ, 1971ರ ಯುದ್ಧದಲ್ಲಿ ರಾಜಸ್ಥಾನ ರಂಗದಲ್ಲಿ ದುಡಿದು, ಬಾಳಿಕೆ ಇದ್ದಾಗಲೇ ನಿವೃತ್ತವಾದವು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಸಂಗ್ರಹಾಲಯದಲ್ಲೂ ಎಚ್‌ಎಎಲ್‌ನ ಪಾರಂಪರಿಕ ಕೇಂದ್ರದಲ್ಲೂ ಮಾರುತ್ ಇದೆ. ಅದರ ಚೂಪು ಮೂತಿಯ ಮುಂದೆ ಹಳಬರು ತೋಡಿಕೊಳ್ಳುವುದು ಒಂದೇ ಅಳಲು: ಸರಿಯಾದ ಎಂಜಿನ್ ಒಂದು ಸಿಕ್ಕಿದ್ದರೆ.

ಮಿಗ್-21 ಮೇಲಿನ ಭಾವನೆ ಇನ್ನೂ ತೊಡಕಿನದು. 1963ರಲ್ಲಿ ಸೇರಿ, ನೂರಾರು ಸಂಖ್ಯೆಯಲ್ಲಿ ಹಾರಿ, ಬಹಳಷ್ಟು ಪೈಲಟ್‌ಗಳ ಜೀವ ತೆಗೆದು ‘ಹಾರುವ ಶವಪೆಟ್ಟಿಗೆ’ ಎಂಬ ಕೆಟ್ಟ ಹೆಸರು ಹೊತ್ತ ವಿಮಾನವಿದು. ಆದರೂ 2025ರ ಸೆಪ್ಟೆಂಬರ್ 26ರಂದು ಚಂಡೀಗಢದ ಬೀಳ್ಕೊಡುಗೆಯಲ್ಲಿ ವಾಯುಪಡೆಯ ಮುಖ್ಯಸ್ಥರೇ ಹಾರಿಸಿದಾಗ, ಅದನ್ನು ಹಾರಿಸಿದ್ದ ಮುದುಕರು ಕಣ್ಣೊರೆಸಿಕೊಂಡರು. ಮಗನನ್ನು ಅದರಲ್ಲಿ ಕಳೆದುಕೊಂಡ ಮನೆಗಳಲ್ಲಿ ಆ ದಿನ ಬೇರೆಯದೇ ಆಗಿದ್ದಿರಬೇಕು.

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ಚಾಪಲ್ ಯುದ್ಧನೌಕೆಯ ಬಳಿ, ನೌಕಾಪಡೆಯ ಟುಪೊಲೆವ್-142 ಬಂದು ನಿಂತಿದೆ. ತಮಿಳುನಾಡಿನ ಅರಕ್ಕೋಣಂನಿಂದ ಬಿಡಿಸಿ ರಸ್ತೆಯಲ್ಲಿ ತಂದು ಮತ್ತೆ ಜೋಡಿಸಿದ ಈ ದೈತ್ಯನ ನಾಲ್ಕೂ ಎಂಜಿನ್‌ಗಳಲ್ಲಿ ಎರಡೆರಡು ಪ್ರೊಪೆಲ್ಲರ್‌ಗಳು ಒಂದಕ್ಕೊಂದು ಎದುರು ದಿಕ್ಕಿನಲ್ಲಿ ತಿರುಗುತ್ತಿದ್ದವು.

ನಮ್ಮಲ್ಲಿ ಹವ್ಯಾಸಿಗಳ ನಿಜವಾದ ಕೊಡುಗೆ ಇರುವುದು ದಾಖಲೆಯಲ್ಲಿ. ಅಧಿಕೃತ ಇತಿಹಾಸಗಳು ಕಡತದಲ್ಲಿ ಮಲಗಿದ್ದಾಗ ಪುಷ್ಪಿಂದರ್ ಸಿಂಗ್, ಜಗನ್ ಮೋಹನ್, ಸಮೀರ್ ಚೋಪ್ರಾರಂಥವರು ನಿವೃತ್ತ ಪೈಲಟ್‌ಗಳನ್ನು ಮಾತಾಡಿಸಿ, ಬಾಲದ ಸಂಖ್ಯೆಗಳನ್ನು ತಾಳೆನೋಡಿ ಚರಿತ್ರೆ ಬರೆದರು. ಸಂಖ್ಯೆ ಬರೆದುಕೊಳ್ಳುವ ಚಟದಿಂದ ಏನು ಪ್ರಯೋಜನ ಎನ್ನುವವರಿಗೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಪ್ರಕರಣ ಉತ್ತರ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ಮಿಸ್ಟೇರ್ ವಿಮಾನಗಳಲ್ಲಿ ಅವರದು ಮರಳಲಿಲ್ಲ. ವಿಮಾನ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯಿಂದ ಮಾಹಿತಿ ಕಲೆಹಾಕಿ 1979ರಲ್ಲಿ ಬರೆದ ಪುಸ್ತಕದಲ್ಲಿ, ಆ ದಿನ ಪಾಕಿಸ್ತಾನದ ಸೂಪರ್‌ಸಾನಿಕ್ ಸ್ಟಾರ್‌ಫೈಟರ್ ಒಂದು ಮಿಸ್ಟೇರ್ ಜೊತೆಗಿನ ಕಾಳಗದಲ್ಲಿ ಬಿದ್ದದ್ದು ಹೊರಬಂತು. ಅದನ್ನು ಕೆಡವಿದ್ದು ದೇವಯ್ಯ ಎಂದು ತಾಳೆಯಾದ ಮೇಲೆ ಅವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ.

ಕಾನೂನು ಮತ್ತು ಅಪಾಯ

ಬೇಲಿಯ ಬಳಿ ನಿಲ್ಲುವವರನ್ನು ಪೊಲೀಸರು ಅನುಮಾನಿಸುವುದು ಎಲ್ಲೆಡೆ ಇದೆ. 2001ರ ನವೆಂಬರ್‌ನಲ್ಲಿ ಗ್ರೀಸಿನ ಕಲಮಾಟಾ ವಾಯುನೆಲೆಯಲ್ಲಿ 12 ಬ್ರಿಟಿಷ್ ಮತ್ತು ಇಬ್ಬರು ಡಚ್ ಹವ್ಯಾಸಿಗಳನ್ನು ಬೇಹುಗಾರರೆಂದು ಹಿಡಿದು ಐದು ವಾರಕ್ಕೂ ಹೆಚ್ಚು ಜೈಲಿನಲ್ಲಿಟ್ಟರು. ಸುಮ್ಮನೆ ಖುಷಿಗಾಗಿ ಯಾರಾದರೂ ವಿಮಾನದ ಸಂಖ್ಯೆ ಬರೆದುಕೊಳ್ಳುತ್ತಾರೆ ಎಂಬುದನ್ನು ನ್ಯಾಯಾಲಯಕ್ಕೆ ಮನವರಿಕೆ ಮಾಡಲು ವಕೀಲರು ಹೆಣಗಿದರು. ಕೆಳ ನ್ಯಾಯಾಲಯ ತಪ್ಪಿತಸ್ಥರೆಂದಿತು. 2002ರ ಕೊನೆಗೆ ಮೇಲ್ಮನವಿಯಲ್ಲಿ ಬಿಡುಗಡೆಯಾಯಿತು. ದೆಹಲಿಯಲ್ಲೂ 2010ರಲ್ಲಿ ಇಬ್ಬರು ಬ್ರಿಟಿಷರು ಇದೇ ತಾಪತ್ರಯಕ್ಕೆ ಸಿಕ್ಕಿ ದಂಡ ಕಟ್ಟಿ ಊರಿಗೆ ಮರಳಿದರು. ಯಲಹಂಕದಲ್ಲಿ 1996ರಿಂದ ನಡೆಯುವ ಏರೋ ಇಂಡಿಯಾದ ದಿನಗಳಲ್ಲಿ ಮಾತ್ರ ಉದ್ದನೆಯ ಲೆನ್ಸ್ ಹೊತ್ತವರು ಸುತ್ತಲಿನ ಮನೆಗಳ ತಾರಸಿ ಏರುತ್ತಾರೆ.

ಹಳೆಯ ಯಂತ್ರ ಹಾರಿಸುವುದರಲ್ಲಿ ಸಾವಿನ ಲೆಕ್ಕವೂ ಇದೆ. 2015ರ ಆಗಸ್ಟ್ 22ರಂದು ಇಂಗ್ಲೆಂಡಿನ ಶೋರ್‌ಹ್ಯಾಮ್‌ನಲ್ಲಿ ಹಂಟರ್ ಜೆಟ್ ಲಾಗ ಹೊಡೆದು ಮೇಲೇಳಲಾರದೆ ಹೆದ್ದಾರಿಗೆ ಬಿದ್ದು 11 ಜನ ಸತ್ತರು. 2018ರಲ್ಲಿ ಸ್ವಿಟ್ಜರ್‌ಲೆಂಡಿನ ಪರ್ವತದಲ್ಲಿ ‘ಯೂ ಚಿಕ್ಕಮ್ಮ’ ಎಂದು ಜರ್ಮನ್ನರು ಮುದ್ದಿನಿಂದ ಕರೆಯುವ ಯುಂಕರ್ಸ್-52 ಉರುಳಿ ಒಳಗಿದ್ದ 20 ಮಂದಿಯೂ ಸತ್ತರು. ಯಂತ್ರಕ್ಕಿಂತ ಹೆಚ್ಚಾಗಿ ಪೈಲಟ್‌ಗಳ ಅಪಾಯಕಾರಿ ಹಾರಾಟವೇ ಕಾರಣವೆಂದು ತನಿಖೆ ಹೇಳಿತು. 2019ರಲ್ಲಿ ಕನೆಕ್ಟಿಕಟ್‌ನಲ್ಲಿ ಕಾಲಿಂಗ್ಸ್ ಫೌಂಡೇಶನ್ನಿನ ಬಿ-17 ಬಿದ್ದು 7 ಜನ ಸತ್ತ ಮೇಲೆ, ಹಣ ಪಡೆದು ಪ್ರಯಾಣಿಕರನ್ನು ಕೂರಿಸಿಕೊಳ್ಳುವ ಅನುಮತಿಯನ್ನು ಅಮೆರಿಕ ಸರ್ಕಾರ ಆ ಸಂಸ್ಥೆಯಿಂದ ಹಿಂದಕ್ಕೆ ಪಡೆಯಿತು. 2022ರ ನವೆಂಬರ್ 12ರಂದು ಡಲ್ಲಾಸ್ ಪ್ರದರ್ಶನದಲ್ಲಿ ಪಿ-63 ಒಂದು ಬಿ-17ಕ್ಕೆ ಗಾಳಿಯಲ್ಲೇ ಡಿಕ್ಕಿ ಹೊಡೆದು 6 ಮಂದಿ ಹೋದರು. ಯಾವ ವಿಮಾನ ಎಷ್ಟು ಎತ್ತರದಲ್ಲಿರಬೇಕೆಂದು ಮೊದಲೇ ನಿಗದಿಪಡಿಸದೆ, ಆ ಕ್ಷಣದ ಸೂಚನೆಗಳನ್ನೇ ನಂಬಿದ್ದು ತನಿಖೆಯಲ್ಲಿ ಬಯಲಾಯಿತು.

ಶೋರ್‌ಹ್ಯಾಮ್ ದುರಂತದ ಬಳಿಕ ಬ್ರಿಟನ್, ನೆಲದ ಮೇಲೆ ಹಾರುವ ಹಳೆಯ ಜೆಟ್‌ಗಳು ಲಾಗ ಪಲ್ಟಿ ಬಿಟ್ಟು ನೇರವಾಗಿ ಹಾದುಹೋಗಬೇಕೆಂದು ಕಟ್ಟಪ್ಪಣೆ ಮಾಡಿತು. ಪ್ರದರ್ಶನದ ಅಂಗಳದಿಂದ ಪ್ರೇಕ್ಷಕರಿಗಿರುವ ಅಂತರ ಹೆಚ್ಚಿತು, ಶುಲ್ಕಗಳೂ ಏರಿದವು, ಚಿಕ್ಕ ಊರುಗಳ ಕೆಲವು ಪ್ರದರ್ಶನಗಳು ನಿಂತೇಹೋದವು. ವಲ್ಕನ್ ಎಕ್ಸ್‌ಎಚ್558 ನಿಂತದ್ದು ಅಪಘಾತದಿಂದಲ್ಲ. ಅದಕ್ಕೆ ತಾಂತ್ರಿಕ ಹೊಣೆ ಹೊತ್ತಿದ್ದ ಕಂಪನಿಗಳು, ಆ ಯಂತ್ರ ಬಲ್ಲ ನುರಿತವರು ಉಳಿದಿಲ್ಲವೆಂದು ಹಿಂದೆ ಸರಿದವು. ಅವರ ಸಹಿ ಇಲ್ಲದೆ ಹಾರಾಟಕ್ಕೆ ಪರವಾನಗಿ ಇಲ್ಲ. ಮರ್ಲಿನ್ ಎಂಜಿನ್ ಬಿಚ್ಚಿ ಕೂರಿಸಬಲ್ಲ ಕಾರ್ಯಾಗಾರಗಳು ಈಗ ಬೆರಳೆಣಿಕೆಯಷ್ಟು, ಅವುಗಳಲ್ಲಿ ಸರದಿ ಉದ್ದ. ಪಿಸ್ಟನ್ ವಿಮಾನಗಳು ಕುಡಿಯುವ ಸೀಸಭರಿತ ಪೆಟ್ರೋಲನ್ನು ಕೈಬಿಡುವ ಕಾಯಿದೆಗಳು ಅಮೆರಿಕ, ಯುರೋಪುಗಳಲ್ಲಿ ಮುಂದುವರಿಯುತ್ತಿವೆ. ಬದಲಿ ಇಂಧನದಲ್ಲಿ ಎಂಬತ್ತು ವರ್ಷದ ಎಂಜಿನ್‌ಗಳು ಹೇಗೆ ನಡೆದಾವು ಎಂಬ ಪರೀಕ್ಷೆಗಳು ನಡೆದಿವೆ.